ಕರ್ಜಗಿಯ ನಲವತ್ತೊಂದನೇ ಮನೆ

ಯಲ್ಲೇಶ ಮೊದಲ ಸಲ ಬಂದಾಗ ಅವನನ್ನು ವರ ಅಂದುಕೊಂಡೆವು. ತಪ್ಪು ನಮ್ಮದಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಹಾವೇರಿಯಿಂದ ಬೈಕಿನಲ್ಲಿ ಬಂದು, ಮನೆಯಲ್ಲಿ ಎಷ್ಟು ಜನ, ಹೊಲ ಎಷ್ಟೆಕರೆ, ಮಗಳು ಎಲ್ಲೀತನಕ ಓದಿದ್ದಾಳೆ ಎಂದು ಕೇಳುವವನನ್ನು ಮತ್ತೇನು ಅಂದುಕೊಳ್ಳುವುದು? ಅದೇ ವಾರ ರಾಣೆಬೆನ್ನೂರಿನ ಹುಡುಗನೊಬ್ಬ ನನ್ನನ್ನು ನೋಡಲು ಬರುವುದಿತ್ತು. ಅವ್ವ ಇವನಿಗೆ ಅವಲಕ್ಕಿ ಕೊಟ್ಟು, ನನಗೆ ಜರಿ ಸೀರೆ ಉಡಿಸಿ ತಂದು ಕೂರಿಸಿದಳು.

ಅವನು ಬೆವೆತ. "ಯವ್ವಾ, ನಾ ಸಮಾಜಶಾಸ್ತ್ರ ಎಂ.ಎ. ಮಾಡಾಕತ್ತೇನ್ರಿ. ಸರ್ವೆಕ್ಕ ಬಂದೇನಿ."

ನನಗೆ ನಗು ತಡೆಯಲಾಗಲಿಲ್ಲ. ಅವನು ಫಾರ್ಮಿನಲ್ಲಿ ಮುಖ ಮುಚ್ಚಿಕೊಂಡ. ಕಿವಿ ಮಾತ್ರ ಕೆಂಪಗೆ ಹೊರಗಿತ್ತು.

ನನಗೆ ಕೇಳಿದ ಪ್ರಶ್ನೆಗಳಿಗೂ ಅಪ್ಪನೇ ಉತ್ತರ ಕೊಡುತ್ತಿದ್ದ. "ದುರ್ಗಾಂದು ಪಿಯುಸಿ ಆಗೇತಿ. ಅಕಿಗೆ ಓದೂದು ಸಾಕಾಗೇತಿ."

"ಅದನ್ನ ಅವರ ಹೇಳಬೇಕ್ರಿ. ನಮ್ಮ ರೂಲ್ಸ್ ಹಂಗ ಐತಿ."

ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. "ಸಾಕಾಗಿಲ್ಲ. ಡಿಗ್ರಿ ಮಾಡಬೇಕು" ಅಂದೆ.

"ಹಾವೇರಿ ಬಸ್ಸಿಗೆ ಒಬ್ಬಾಕಿನ್ನ ಹೆಂಗ ಕಳಸೂದು?" ಎಂದು ಅಪ್ಪ ಎದ್ದು ಹೊರಗೆ ಹೋದ.

ಸಿಟ್ಟನ್ನೆಲ್ಲ ಯಲ್ಲೇಶನ ಮೇಲೆ ತೀರಿಸಿಕೊಂಡೆ. "ಮಂದಿ ಮನಿ ಸುದ್ದಿ ಕೇಳೂದು ಎಂಥಾ ಶಾಸ್ತ್ರರಿ? ಏನು ಉಪಯೋಗ?"

ಬೈಕ್ ಹತ್ತಲು ಹೊರಟವನು ನಿಂತ. "ಒಬ್ಬಾಕಿ ಕಾಲೇಜು ಬಿಟ್ರ ಅಕಿ ಹಣೇಬಾರ ಅಂತಾರ. ನಿಮ್ಮದು ನಲವತ್ತೊಂದನೇ ಮನಿ. ಹನ್ನೊಂದು ಹುಡುಗ್ಯಾರು ಪಿಯುಸಿಗೆ ನಿಂತಾರ. ಎಲ್ಲಾರ ಮನ್ಯಾಗೂ ಅದ ಮಾತು, ಒಬ್ಬಾಕಿನ್ನ ಹೆಂಗ ಕಳಸೂದು ಅಂತ. ಇದು ಮನಿ ಮನಿ ಕೇಳಿದ್ರನ ತಿಳಿತೈತಿ."

"ಯಾರ್‍ಯಾರು?"

"ಹೆಸರು ಹೇಳಂಗಿಲ್ರಿ."

ಅವನು ಹೇಳದಿದ್ದರೇನು, ನನಗೆ ಕಾಲಿಲ್ಲವೇ? ಎರಡು ದಿನ ಓಣಿ ಓಣಿ ತಿರುಗಿದೆ. ನಸ್ರೀನ್ ಸಿಕ್ಕಳು, ಪ್ರಿಯಾಂಕಾ ಸಿಕ್ಕಳು, ಒಟ್ಟು ಆರು ಜನ ಆದೆವು. ಜೂನ್‌ನಲ್ಲಿ ಎಲ್ಲರೂ ಕೂಡಿಯೇ ಹಾವೇರಿಯ ಬಸ್ ಹತ್ತಿದೆವು. ಅಪ್ಪನಿಗೆ ಬೇಡ ಅನ್ನಲು ಕಾರಣ ಉಳಿದಿರಲಿಲ್ಲ. ಓದುವ ಹುಡುಗಿ ಬೇಡ ಎಂದು ರಾಣೆಬೆನ್ನೂರಿನವರೇ ಹಿಂದೆ ಸರಿದರು. ನಾನು ಖುಷಿಯಿಂದ ಎರಡು ರೊಟ್ಟಿ ಹೆಚ್ಚು ತಿಂದೆ.

ಯಲ್ಲೇಶ ಮಾತ್ರ ಬರುವುದು ನಿಲ್ಲಿಸಲಿಲ್ಲ. ಒಮ್ಮೆ ಒಂದು ಕಾಲಂ ಬಿಟ್ಟುಹೋಗಿತ್ತು ಅಂದ, ಇನ್ನೊಮ್ಮೆ ಅಕ್ಷರ ತಿಳಿಯುತ್ತಿಲ್ಲ ಅಂದ. ಬರೆದವನು ಅವನೇ!

"ಉಳಿದ ಮನಿಗೆ ಹೋಗಂಗಿಲ್ಲೇನ್ರಿ?" ಎಂದು ಕಾಡಿದೆ.

ಅವನು ನನ್ನ ಕಣ್ಣನ್ನೇ ನೋಡಿದ. "ಪ್ರಬಂಧ ಮುಗಿಯೂತನಕ ನಾ ಏನೂ ಹೇಳಬಾರದು."

"ಲಗೂ ಮುಗಸ್ರಿ ಮತ್ತ" ಅಂದವಳು, ನಾಚಿಕೆಯಾಗಿ ಒಳಗೆ ಓಡಿದೆ. ಆ ರಾತ್ರಿ ಒಂದಕ್ಷರವೂ ಓದಲಾಗಲಿಲ್ಲ.

ಪ್ರಬಂಧ ಮುಗಿದ ವಾರವೇ ತಾಯಿ ಮೈಲವ್ವನನ್ನು ಕರೆದುಕೊಂಡು ಬಂದ. ಆಕೆ ನೇರವಾಗಿ ಕೇಳಿದಳು, "ನಿಮ್ಮ ಮಗಳನ್ನ ನಮಗ ಕೊಡ್ತೀರೇನ್ರಿ, ಮೈಲಾರೆಪ್ಪಾರ?"

ಅಪ್ಪ ರೂಢಿಯಂತೆ ಬಾಯಿ ತೆರೆದ. ಆಮೇಲೆ ಅದೇನು ಅನಿಸಿತೋ, ನನ್ನತ್ತ ತಿರುಗಿ ಮೆಲ್ಲಗೆ, "ನಾ ಹೆಂಗ ಹೇಳ್ಲಿರಿ? ಅಕಿನ್ನ ಕೇಳ್ರಿ" ಅಂದ.

ಕಣ್ಣು ತುಂಬಿ ಬಂತು. "ನನಗ ಮನಸೈತಿ. ಆದ್ರ ಡಿಗ್ರಿ ಮುಗೀಲಿ. ಅಲ್ಲೀತನಕ ಕಾಯ್ತಾರೇನು, ಅವರನ್ನ..."

"ಕಾಯ್ತೇನಿ" ಅಂದುಬಿಟ್ಟ ಯಲ್ಲೇಶ, ಯಾರೂ ಕೇಳುವ ಮೊದಲೇ.