ಸ್ಕ್ರಿಪ್ಟ್‌ನಲ್ಲಿ ಇಲ್ಲದ ಮಾತು

“ಹಾಳೆ ಬಿಟ್ಟು ನನ್ನ ಕಡೆ ನೋಡಿ! ನೀವು ನೋಡದಿದ್ರೆ ನಾನು ಯಾರ ಮುಂದೆ ಅಳಲಿ?”

ವರ್ನಾ ಬೆಚ್ಚಿ ತಲೆಯೆತ್ತಿದಳು.

ಲಾಸ್ ಏಂಜಲೀಸ್‌ನ ಒಂದು ಸ್ಟುಡಿಯೋದಲ್ಲಿ ಸ್ಕ್ರಿಪ್ಟ್ ಹಿಡಿದು ಕೂರುವುದು, ನಟರು ಒಂದಕ್ಷರ ತಪ್ಪಿದರೂ ತಿದ್ದುವುದು ಅವಳ ಕೆಲಸ. ಅಂದು ನಾಯಕಿ ತನ್ನ ಕ್ಲೋಸಪ್ ಮುಗಿಸಿ ಕಾರು ಹತ್ತಿಬಿಟ್ಟಿದ್ದಳು. ಎದುರು ನಟನ ಸರದಿಗೆ ಕ್ಯಾಮೆರಾ ಪಕ್ಕ ನಿಂತು ನಾಯಕಿಯ ಮಾತು ಓದುವ ಹೊಣೆ ವರ್ನಾಳ ತಲೆಗೆ ಬಿತ್ತು.

ಹಾಗೆ ಗದರಿದ ನಟ ಆರಿನ್ ಟೀಗ್. ಹೀರೋ ಅಲ್ಲ. ಹೀರೋನ ಅಣ್ಣ, ಶೆರಿಫ್, ಪಾದ್ರಿ, ಜಡ್ಜ್... ದೇಶಕ್ಕೆಲ್ಲ ಆ ಮುಖ ಗೊತ್ತು, ಹೆಸರು ಗೊತ್ತಿಲ್ಲ! ನಿರ್ದೇಶಕರು ಮಾತ್ರ ಅವನನ್ನು ಕಂಡರೆ ಕುರ್ಚಿ ಬಿಟ್ಟು ಏಳುತ್ತಿದ್ದರು.

ಆಮೇಲೆ ಒಂಬತ್ತು ವರ್ಷ, ಹನ್ನೊಂದು ಸಿನಿಮಾ. ಸ್ಟಾರ್‌ಗಳು ಹೊರಟುಹೋಗುತ್ತಿದ್ದರು, ವರ್ನಾ ಓದುತ್ತಿದ್ದಳು. ತೆರೆಯ ಮೇಲೆ ಆರಿನ್ ಕಣ್ಣು ತುಂಬಿಕೊಂಡು ಪ್ರೀತಿಸಿದ್ದೆಲ್ಲ ಅವಳನ್ನೇ ನೋಡಿ.

‘ಅದು ನಟನೆ ಕಣೇ, ಹುಚ್ಚಿ...’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಕೊನೆಗೆ ನ್ಯೂ ಮೆಕ್ಸಿಕೋದ ಸುಡುಬಿಸಿಲಿನಲ್ಲಿ ಒಂದು ವಿದಾಯದ ದೃಶ್ಯ. ಕ್ಯಾಮೆರಾ ಓಡುತ್ತಿತ್ತು. ಆರಿನ್ ಅವಳನ್ನೇ ನೋಡುತ್ತಾ ಅಂದ:

“ಹೋಗ್ಬೇಡ. ನನ್ನನ್ನ ಮದುವೆಯಾಗು.”

ವರ್ನಾ ಹಾಳೆ ನೋಡಿದಳು. “ಸಾರಿ, ಅದು ಸ್ಕ್ರಿಪ್ಟ್‌ನಲ್ಲಿ ಇಲ್ಲ. ‘ಹೋಗು, ನಾನು ಕಾಯೋದಿಲ್ಲ’ ಅಂತಿದೆ.”

ಸೆಟ್ಟೆಲ್ಲ ಗೊಳ್ಳೆಂದು ನಕ್ಕಿತು. “ವಯಸ್ಸಾಯ್ತು ಕಣಯ್ಯಾ ಆರಿನ್!” ಎಂದು ಯಾರೋ ಕಿಚಾಯಿಸಿದರು. ಅವನೂ ನಕ್ಕ. ಬರೆದದ್ದನ್ನೇ ಒಪ್ಪಿಸಿದ. ಮೂರು ದಿನದ ಪಾತ್ರ ಅಂದಿಗೆ ಮುಗಿದಿತ್ತು, ಹೊರಟುಹೋದ.

ಎಂಥ ದಡ್ಡಿ ನೋಡಿ! ತಪ್ಪು ಹಿಡಿದೂ ಹಿಡಿದೂ, ತನಗೇ ಬಂದ ಮಾತನ್ನೂ ತಪ್ಪೆಂದೇ ಗುರುತು ಹಾಕಿಕೊಂಡಳು. ‘ನಿಜವಾಗ್ಲೂ ಕೇಳಿದ್ನಾ?’ ಎಂಬ ಅನುಮಾನ ಆಮೇಲೆ ಹುಟ್ಟಿತು. ಹೋಗಿ ಕೇಳಲು ನಾಚಿಕೆ. ಅವನು ಮತ್ತೆ ಅವಳಿದ್ದ ಸಿನಿಮಾ ಒಪ್ಪಲಿಲ್ಲ.

ಇಪ್ಪತ್ತೊಂದು ವರ್ಷ ಕಳೆಯಿತು. ಆರಿನ್‌ಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಕೇಳಿದ ದಿನವೇ ವರ್ನಾ ಬರ್ಬ್ಯಾಂಕ್‌ನ ಅವನ ಮನೆ ಬಾಗಿಲು ತಟ್ಟಿದಳು.

ಮೂಗಿಗೆ ಆಕ್ಸಿಜನ್ ಕೊಳವೆ. ಆ ಕಣ್ಣು ಮಾತ್ರ ಹಾಗೇ ಇತ್ತು.

“ಒಂದೇ ಒಂದು ಕೇಳ್ಬೇಕು...” ಅವಳು ಕುರ್ಚಿ ಎಳೆದುಕೊಂಡು ಕೂತಳು. “ಅವತ್ತು ನೀವು ಮಾತು ಮರೆತಿದ್ರಾ?”

“ನಲವತ್ತು ವರ್ಷ ನಟಿಸಿದೀನಿ, ವರ್ನಾ. ಒಂದು ಮಾತೂ ಮರೆತವನಲ್ಲ.”

“ಮತ್ತೆ... ಇನ್ನೊಂದ್ಸಲ ಯಾಕೆ ಕೇಳ್ಲಿಲ್ಲ?”

“ನೀನು ಎಲ್ಲರ ಮುಂದೆ ಬೇಡ ಅಂದ್ಬಿಟ್ಟೆ ಅಂದ್ಕೊಂಡೆ. ಪಾತ್ರದ ಬಟ್ಟೆ ಬಿಚ್ಚಿದ್ರೆ ನಾನು ಬರೀ ಪುಕ್ಕಲ.”

ವರ್ನಾ ಬಿಕ್ಕಿ ಬಿಕ್ಕಿ ಅತ್ತಳು. ಹಾಳಾದ ಇಪ್ಪತ್ತೊಂದು ವರ್ಷ!

“ನಾನು ಬೇಡ ಅನ್ಲಿಲ್ಲ, ಆರಿನ್... ಬೇರೆ ಯಾರನ್ನೂ ಮದುವೆನೂ ಆಗ್ಲಿಲ್ಲ. ಡಾಕ್ಟರ್ ಎಷ್ಟು ದಿನ ಅಂದ್ರು?”

“ಕ್ರಿಸ್‌ಮಸ್‌ವರೆಗೆ. ಅದೂ ಅನುಮಾನ.”

ಆಗ ಅಕ್ಟೋಬರ್ ನಡೆಯುತ್ತಿತ್ತು. ವರ್ನಾ ಕಣ್ಣೊರೆಸಿಕೊಂಡಳು.

“ಹಾಗಾದ್ರೆ ಶುಕ್ರವಾರ ಕೋರ್ಟಿಗೆ ಹೋಗಿ ಮದುವೆಯಾಗೋಣ.”

“ಹುಚ್ಚಾ ನಿನಗೆ? ಎರಡು ತಿಂಗಳಿಗೆ ವಿಧವೆ ಆಗ್ತೀಯ!”

“ಆಗ್ತೀನಿ. ನಿಮ್ಮ ಹೆಂಡತಿ ಅಂತ ಅಳೋ ಹಕ್ಕಾದ್ರೂ ಸಿಗುತ್ತಲ್ಲ...”

ಆರಿನ್ ಮುಖ ತಿರುಗಿಸಿದ. ಕೆನ್ನೆ ಒದ್ದೆಯಾಗಿತ್ತು.

“ಕೈ ನಡುಗುತ್ತೆ, ವರ್ನಾ. ಟೈ ಕಟ್ಕೊಳ್ಳೋಕೂ ಆಗಲ್ಲ.”

“ನಾನು ಕಟ್ತೀನಿ ಬಿಡಿ.”