ಚುಚ್ಚಿದರೂ ನೋಯದ ಜಾಗ

ಪಾರ್ವತಿಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಮೈದುನ ಸಂಗಣ್ಣ ಬಾಗಿಲಿಗೆ ಬಂದು ನಿಂತ.

"ವೈನಿ, ರೊಟ್ಟಿ ಆಮ್ಯಾಲ ಬಡೀರಿ. ಹಿರ್ಯಾರು ಬರೂ ಹೊತ್ತಾತು. ಮೊದಲ ಮೊಳಕೈ ತರ್ರಿ, ಮುಲಾಮು ಹಚ್ಚತೀನಿ."

"ನೀ ಡಾಕ್ಟರ್ ಆಗಿ ಬಂದಿ, ನಮ್ಮ ಪುಣ್ಯಪಾ," ಎಂದು ಆಕೆ ಹಿಟ್ಟಿನ ಕೈಯನ್ನೇ ಚಾಚಿದಳು.

ಪೆದ್ದಿ, ಎಂದುಕೊಂಡ ಸಂಗಣ್ಣ. ಅಣ್ಣ ಸತ್ತ ಮೇಲೆ ಶಹಾಪುರದ ಹತ್ತಿ ಅಂಗಡಿ ತನ್ನದಾಗಬೇಕಿತ್ತು. ಅಕ್ಷರ ಬಾರದ ಈ ಹೆಂಗಸು ಗಲ್ಲಾದ ಮೇಲೆ ಕೂತಿದ್ದಳು. ಆಕೆಗೆ ಕುಷ್ಠವೆಂದು ಊರ ಹಿರಿಯರ ಮುಂದೆ ಸಾಬೀತಾದರೆ ಸಾಕು: ಆಕೆ ರೋಗಿಗಳ ಆಶ್ರಮಕ್ಕೆ, ಅಂಗಡಿ ತನಗೆ.

ಸಾಬೀತು ಮಾಡಲು ಚರ್ಮದ ಡಾಕ್ಟರ್ ಬೇಕು. ಅದೇನು ಮಹಾ! ಹೈದರಾಬಾದಿನ ದವಾಖಾನೆಯೊಂದರಲ್ಲಿ ಗಾಯಕ್ಕೆ ಪಟ್ಟಿ ಸುತ್ತುತ್ತ ಆತ ಅಂಥವರನ್ನು ನೋಡಿದ್ದ. ವರ್ಷಗಟ್ಟಲೆ ಹೆಣ ಕೊಯ್ದು ವೈದ್ಯರಾಗುವುದು. ಅದು ಸಾಲದೆಂದು ಬರೀ ಚರ್ಮಕ್ಕಾಗಿ ಮತ್ತೆ ಓದುವುದು. ಒಂದು ಹುಳುಕಡ್ಡಿಯ ಮುಂದೆ ಭೂತಗನ್ನಡಿ ಹಿಡಿದು ಬೆಳಗೆಲ್ಲ ಕೂರುವುದು. ಕತ್ತೆಗಳು. ತಾನು ಒಂದು ಬಿಳಿ ಕೋಟಿನಲ್ಲೇ ಮುಗಿಸಿದ್ದ. ನಿಜಾಮನ ರಾಜ್ಯ ಭಾರತಕ್ಕೆ ಸೇರಿದ ಗದ್ದಲದಲ್ಲಿ ಪದವಿಯ ಕಾಗದ ಸುಟ್ಟಿತೆಂದ. ಆ ವರ್ಷ ಯಾರ ಕಾಗದ ಸುಟ್ಟಿರಲಿಲ್ಲ? ಊರು ನಂಬಿತು.

ಆಕೆಯ ಮೊಳಕೈಯಲ್ಲಿದ್ದದ್ದು ನಿರಪಾಯದ ಬಿಳಿಚಿದ ಮಚ್ಚೆ. ಕುಷ್ಠವೆನ್ನಲು ಅಲ್ಲಿ ಸ್ಪರ್ಶ ತಿಳಿಯಬಾರದು. ಅದಕ್ಕೇ ದವಾಖಾನೆಯಿಂದ ಕದ್ದು ತಂದಿದ್ದ, ಚರ್ಮ ಮರಗಟ್ಟಿಸುವ ಮುಲಾಮು. ಎಡಗೈ ಬೆರಳುಗಳಿಂದ ಅದನ್ನು ಆಸ್ಥೆಯಿಂದ ತಿಕ್ಕಿ ತಿಕ್ಕಿ ಹಚ್ಚಿದ.

ಹಿರಿಯ ಲಿಂಗಣ್ಣ ನಾಲ್ಕು ಮಂದಿಯೊಂದಿಗೆ ಬಂದು ಕೂತ. ಸಂಗಣ್ಣ ಅತ್ತಿಗೆಯ ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಲ್ಲಿ ಮಚ್ಚೆಯನ್ನು ಚಿವುಟಿ ಹಿಡಿದು ಸೂಜಿ ಆಡಿಸಿದ.

"ಏನರ ತಿಳೀತೇನ್ರಿ, ವೈನಿ?"

"ಇಲ್ಲಪಾ," ಎಂದಳಾಕೆ. ಪಕ್ಕದಲ್ಲಿದ್ದ ಮಗಳು ಭಾಗಮ್ಮನನ್ನು ತಡವಿ ಹತ್ತಿರ ಎಳೆದುಕೊಂಡಳು.

"ಕಲ್ತಾಂವ ಅಂದ್ರ ಕಲ್ತಾಂವ ನೋಡ್ರಿ!" ಎಂದ ಲಿಂಗಣ್ಣ.

"ಕಾಕಾ..." ಎಂದಿತು ಮಗು.

"ದೊಡ್ಡೋರ ನಡುವ ಬಾಯಿ ಹಾಕಬ್ಯಾಡ."

ಮಗುವನ್ನು ಗದರಿ ಸಂಗಣ್ಣ ಹಿರಿಯರತ್ತ ತಿರುಗಿದ. ಅವರ ಮುಖ ನೋಡುತ್ತಲೇ ಸೂಜಿಯನ್ನು ಇನ್ನೊಮ್ಮೆ ಬಲವಾಗಿ ಒತ್ತಿ, ನರ ಸತ್ತ ಚರ್ಮದ ಲಕ್ಷಣಗಳನ್ನು ನಿಧಾನವಾಗಿ, ಗಂಭೀರವಾಗಿ ವಿವರಿಸತೊಡಗಿದ. ಅವರ ಕಣ್ಣುಗಳು ಮಾತ್ರ ಒಂದೊಂದಾಗಿ ಅವನ ಮುಖ ಬಿಟ್ಟು ಕೈಗೆ ಇಳಿದವು. ಭಾಗಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ಕಾಕಾ, ಸೂಜಿ ಅವ್ವಗ ಅಲ್ಲ, ನಿನ್ನ ಬೆರಳಿಗೇ ನಟ್ಟದ. ರಕ್ತ ಸೋರಾಕತ್ತದ. ನಿನಗೂ ತಿಳೀವಲ್ದೇನು?"