ಸುಮನಬಾಯಿಯ ಚೀಲದಲ್ಲಿ ಇಲ್ಲದ ಚೆಂಡು

"ಆಪಾ, ನನ್ನ ಚೆಂಡು ಹೋದ್ರ ಹೋಗ್ಲಿ. ಆ ಅವ್ವನ್ನ ಕಳ್ಳಿ ಅಂತ ಬಿಸಿಲಾಗ ಕೂಡಿಸ್ಯಾರ. ಪೊಲೀಸರನ್ನ ಕರಸ್ತಾರಂತ. ನೀವು ಈಗಿಂದೀಗ ಬರಬೇಕ್ರಿ."

ಬಸವಕಲ್ಯಾಣದ ಕೋಟೆಯ ಹಿಂದಿನ ಮನೆಯ ಹೊಸ್ತಿಲಲ್ಲಿ ನಿಂತು ಹೀಗೆಂದವಳು ಹುಮನಾಬಾದಿನ ವ್ಯಾಯಾಮ ಶಿಕ್ಷಕಿ ಮನೀಷಾ. ಕೇಳಿಸಿಕೊಂಡವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್ ವಜೀರಬಿ. ಊರಿನಲ್ಲಿ ಏನು ಕಾಣೆಯಾದರೂ ಜನ ಠಾಣೆಗಿಂತ ಮೊದಲು ಇವರ ಬಾಗಿಲು ಬಡಿಯುತ್ತಿದ್ದರು. ಇವರನ್ನು ಅಲ್ಲಲ್ಲಿಗೆ ಕರೆದೊಯ್ಯುವುದು ಆಟೋ ಬಂಡೆಪ್ಪನ ಕೆಲಸ. ಬಂಡೆಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಂದು ಮೋರಖಂಡಿ ತಲುಪುವಷ್ಟರಲ್ಲಿ ಅದು ನೆತ್ತಿಗೇರಿತ್ತು.

ದಾರಿಯಲ್ಲಿ ಮನೀಷಾ ಹೇಳಿದ ಸಂಗತಿ ಹೀಗಿತ್ತು. ಮೋರಖಂಡಿಯಾಚೆಯ ಗಾಲ್ಫ್ ಮೈದಾನದಲ್ಲಿ ಅವಳಿಗೂ ತುಳಜಾರಾಮನಿಗೂ ಅಂತಿಮ ಪಂದ್ಯ. ಕೊನೆಯ ಕುಳಿಗೆ ಬರುವಾಗ ಅವಳೇ ಮುಂದಿದ್ದಳು. ಅವಳು ಹೊಡೆದ ಚೆಂಡು ದಿಬ್ಬದಾಚೆ ಹುಲ್ಲಿನ ಮೇಲೆ ಬಿತ್ತೆಂದು ಅಲ್ಲಿ ಕಾವಲಿದ್ದ ಸಂಘರತ್ನ ಬಾವುಟ ಬೀಸಿದ. ಹೋಗಿ ನೋಡಿದರೆ ಚೆಂಡು ಮಾಯ. ಹತ್ತಿರದ ಮರದಡಿ ಬೇವಿನ ಬೀಜ ಆರಿಸುತ್ತಿದ್ದ ಸುಮನಬಾಯಿಯನ್ನು ಹಿಡಿದು ಅವಳ ಚೀಲ ಸುರುವಿದರು. ಏನೂ ಸಿಗಲಿಲ್ಲ. ಆದರೂ ಕ್ಲಬ್ಬಿನ ಕಾರ್ಯದರ್ಶಿ ಬಸವಕುಮಾರ ಮೈಕಿನಲ್ಲಿ, ಚೆಂಡು ಕದ್ದ ಕಳ್ಳಿ ಸಿಕ್ಕಳೆಂದು ಸಾರಿಬಿಟ್ಟರು. ಪಂದ್ಯಕ್ಕೆ ತೀರ್ಪುಗಾರರೂ ಅವರೇ. ಚೆಂಡು ಕಳೆದದ್ದಕ್ಕೆ ಮನೀಷಾಗೆ ದಂಡ ಹಾಕಿ, ಮೊದಲು ಹೊಡೆದ ಜಾಗದಿಂದಲೇ ಮತ್ತೆ ಹೊಡೆಸಿದರು. ಆ ದಂಡದಿಂದಲೇ ಅವಳು ಸೋತಳು.

"ತುಳಜಾರಾಮಗ ನಿಮ್ಮ ಮ್ಯಾಲ ಹಗಿ ಅದ ಏನ್ರಿ?" ಬಂಡೆಪ್ಪ ಕೇಳಿದ.

"ಇಲ್ರಿ. ನಡುವ ಒಂದ್ಸಲ ಅವರ ಚೆಂಡು ಹುತ್ತದ ಬಾಜೂಕ ನಿಂತಿತ್ತು. ಒಳಗಿಂದ ಹಾವು ಇಣುಕಾಕತ್ತಿತ್ತು. ಅಲ್ಲಿಂದೇ ಹೊಡೀಬೇಕು ಅಂದ್ರು ಬಸವಕುಮಾರ ಸರ್. ಹಾವಿನ ಅಂಜಿಕಿ ಇದ್ದಲ್ಲಿ ದಂಡ ಇಲ್ದ ಚೆಂಡು ದೂರ ಇಟ್ಕೋಬಹುದು ಅಂತ ನಾನೇ ನಿಯಮ ತೋರಿಸ್ದೆ. ಎದುರಾಳಿಗೆ ಲಾಭ ಆದ್ರೂ ಗೊತ್ತಿದ್ದ ನಿಯಮ ಮುಚ್ಚಿಡಬಾರ್ದು. ಅದು ಈ ಆಟದ ಮರ್ಯಾದಿ. ಮಂದಿ ನಕ್ರು. ಸರ್ ಮಾರಿ ಸಣ್ಣಾತು."

ಮೈದಾನದಲ್ಲಿ ಸುಮನಬಾಯಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಸುರುವಿದ ಬೀಜ ಹಾಗೇ ಮಣ್ಣುಪಾಲಾಗಿ ಬಿದ್ದಿತ್ತು. ಇಷ್ಟು ಮಂದಿ ಓದಿದವರಲ್ಲಿ ಒಬ್ಬರಾದರೂ ಅವಳನ್ನು ನೆರಳಿಗೆ ಕರೆದಿರಲಿಲ್ಲ. ಬಂಡೆಪ್ಪನಿಗೆ ಮೈಯೆಲ್ಲ ಉರಿಯಿತು.

"ಅವ್ವಾ, ಮರದ ತನ ಹ್ಯಾಂಗ ಬಂದಿ?" ವಜೀರಬಿ ಅವಳ ಪಕ್ಕ ಕುಳಿತು ಕೇಳಿದರು.

"ಆ ಉಸುಕಿನ ಗುಂಡಿ ದಾಟಿ ಬಂದೆ ತಾಯಿ. ಇವರ ಆಟ ಇತ್ಲಾಗ ಬರೂಕಿಂತ ತುಸು ಮುಂಚೆ. ಕಾಲು ಹೂತು ಹೂತು ಸಾಕಾತು. ಆಮ್ಯಾಲ ತಲಿ ಬಗ್ಗಿಸಿ ಬೀಜ ಆರಿಸ್ಕೋತ ಇದ್ದೆ, ಯಾರನ್ನೂ ನೋಡ್ಲಿಲ್ಲ."

ಚೆಂಡು ಕಾಣೆಯಾದ ಹುಲ್ಲಿನ ಪಕ್ಕದಲ್ಲೇ ಆ ಗುಂಡಿ. ಆಟಗಾರರನ್ನು ಕಾಡಲೆಂದೇ ಮಾಡಿ ಮರಳು ತುಂಬಿದ್ದು. ಮರಳು ನುಣ್ಣಗಿತ್ತು. ಇಂದು ಯಾರ ಚೆಂಡೂ ಇದರಲ್ಲಿ ಬಿದ್ದಿಲ್ಲವೆಂದು ತುಳಜಾರಾಮ ಹೇಳಿದ. ವಜೀರಬಿ ಚಪ್ಪಲಿ ಸಮೇತ ಅದರಲ್ಲಿಳಿದು, ನಡುವಿನ ತನಕ ಹೋಗಿ ಬಂದರು.

"ಇಂಥವರನ್ನ ಒಳಗ ಬಿಡಬಾರ್ದ್ರಿ, ಶಿಸ್ತು ಗೊತ್ತಿರಂಗಿಲ್ಲ," ಎನ್ನುತ್ತಲೇ ಬಸವಕುಮಾರ ಅಂಚಿನಲ್ಲಿದ್ದ ದಂತಾಳೆ ಎತ್ತಿ, ಅವರ ಹೆಜ್ಜೆ ಅಳಿಸಿ, ಮರಳು ಸಮ ಮಾಡಿ, ಅದನ್ನು ಮೊದಲಿನ ಜಾಗದಲ್ಲೇ ಇಟ್ಟರು. ಮನುಷ್ಯರಿಗಿಂತ ಈತನಿಗೆ ಮರಳೇ ಹೆಚ್ಚು ಎಂದುಕೊಂಡ ಬಂಡೆಪ್ಪ.

ಸಂಘರತ್ನ ತಡವರಿಸದೆ ಹೇಳಿದ: "ಚೆಂಡು ಹುಲ್ಲಿನ ಮ್ಯಾಲ ಬಿತ್ರಿ, ಕಣ್ಣಾರೆ ಕಂಡೀನಿ. ಆಮ್ಯಾಲ ಸರ್ ಮುಂದಾಗಿ ಬಂದು, ನೀರು ತಾ ಅಂತ ನನ್ನ ಕಳಸಿದ್ರು." ತುಳಜಾರಾಮ ಮನೀಷಾಳ ಜೊತೆಗೇ ನಡೆದು ಬಂದಿದ್ದ. ಅದನ್ನು ಅವಳೂ ಒಪ್ಪಿದಳು.

ಬಹುಮಾನದ ಪೆಂಡಾಲಿನಲ್ಲಿ ಎಲ್ಲರೂ ಸೇರಿದ ಮೇಲೆ ವಜೀರಬಿ ಬಂಡೆಪ್ಪನ ಕಿವಿಯಲ್ಲಿ ಏನೋ ಹೇಳಿ ಕಳಿಸಿದರು. ಆಮೇಲೆ ಸಭೆಯ ಕಡೆ ತಿರುಗಿದರು.

"ಚೆಂಡನ್ನ ಹೊರಗಿನವರು ಯಾರರ ಒಯ್ದ್ರ ನಿಮ್ಮ ನಿಯಮ ಏನಂತದ?"

"ಒಯ್ದದ್ದು ಖಾತ್ರಿ ಇದ್ರ ದಂಡ ಇಲ್ರಿ," ಎಂದಳು ಮನೀಷಾ. "ಇದ್ದ ಜಾಗಾದಾಗ ಇನ್ನೊಂದು ಚೆಂಡಿಟ್ಟು ಆಡ್ಬೇಕು. ನಾ ಆಗೇ ಹೇಳ್ದೆ. ಪುರಾವೆ ಇಲ್ಲ ಅಂದ್ರು ಸರ್."

"ಪುರಾವೆ ಇಲ್ಲಂದ್ರ ಈ ಅವ್ವ ಹ್ಯಾಂಗ ಕಳ್ಳಿ? ಈಕಿ ಕಳ್ಳಿ ಅಂದ್ರ ಮನೀಷಾಗ ದಂಡ ಯಾಕ? ಎರಡೂ ಒಂದೇ ಬಾಯಾಗ ಬಂದ್ವು. ಬಡವಿಗೊಂದು ನ್ಯಾಯ, ಬಹುಮಾನದ ಕಪ್ಪಿಗೊಂದು ನ್ಯಾಯ. ನನಗ ಸಂಶಯ ಬಂದದ್ದೇ ಅಲ್ಲಿ."

ವಜೀರಬಿ ಈಗ ದನಿಯಲ್ಲಿದ್ದ ಸಿಟ್ಟನ್ನು ಮುಚ್ಚಿಡಲಿಲ್ಲ.

"ಈ ಅವ್ವ ಉಸುಕು ದಾಟಿದ್ಲು. ಹೆಜ್ಜಿ ಒಂದೂ ಇಲ್ಲ. ಅಂದ ಮ್ಯಾಲ ಆಕಿ ದಾಟಿದ ಹಿಂದ ಯಾರೋ ಸಮ ಮಾಡ್ಯಾರ. ಆಕೀನೇ ಅಳಿಸಿದ್ರ, ದಾಟಿದ್ದು ತಾನಾಗಿ ಯಾಕ ಹೇಳ್ತಿದ್ಲು? ಯಾರ ಚೆಂಡೂ ಬೀಳದ ಗುಂಡ್ಯಾಗ ಇನ್ನೇನು ಕೆಲಸ? ಏನರ ಹೂಳೂದೇ ಕೆಲಸ. ಉಸುಕಿಗೆ ಇಳಿದವರು ಅದನ್ನ ಸಮ ಮಾಡಿ, ದಂತಾಳೆ ಅದರ ಜಾಗಕ್ಕ ಇಡೂದು ಈ ಆಟದವರ ರೂಢಿ. ಅದಕ್ಕೇ ನಾ ಬೇಕಂತಲೇ ಇಳಿದೆ. ಹೊರಗ ಬರೂದ್ರಾಗ ಒಬ್ಬರ ಕೈ ತಾನಾಗೇ ದಂತಾಳೆಗೆ ಹೋತು. ಸಂಘರತ್ನ ನೀರಿಗೆ ಹೋಗಿದ್ದ. ಆಡೋರಿಬ್ಬರು ದಿಬ್ಬದ ಆಚೆ ಇದ್ರು. ಈ ಅವ್ವನ್ನ ಬಿಟ್ರ ಇಲ್ಲಿ ಇದ್ದದ್ದು ನೀವೊಬ್ಬರೇ, ಬಸವಕುಮಾರ."

ಅಷ್ಟರಲ್ಲಿ ಮರಳು ಕೆದರುತ್ತಿದ್ದ ಬಂಡೆಪ್ಪ ಏದುಸಿರು ಬಿಡುತ್ತಾ ಬಂದು ಅಂಗೈ ಚಾಚಿದ. ಅದರಲ್ಲಿದ್ದ ಚೆಂಡಿನ ಮೇಲೆ ಮನೀಷಾ ಗುರುತಿಗೆಂದು ಹಾಕಿದ್ದ ಕೆಂಪು ಚುಕ್ಕೆಯಿತ್ತು.

ಬಸವಕುಮಾರ ಕುರ್ಚಿಯಲ್ಲಿ ಕುಸಿದರು. "ಜೇಬಿನಾಗ ಇಟ್ರ ಉಬ್ಬಿ ಕಾಣ್ತಿತ್ತು," ಎಂದರು. "ಎಲ್ಲರಿಗೂ ನಿಯಮ ಹೇಳೋನು ನಾನು. ಆಕಿ ಮಂದ್ಯಾಗ ನನಗ ಕಲಿಸಿದ್ಲು."

"ಆಕಿ ಕಲಿಸಿದ್ದಕ್ಕ ಈಕಿ ಯಾಕ ಬಿಸಿಲಾಗ ಕೂಡಬೇಕು?" ಬಂಡೆಪ್ಪ ತಡೆಯಲಾರದೆ ಕೇಳಿದ.

ತುಳಜಾರಾಮ ಎದ್ದು ಬಂದು ಕಪ್ಪನ್ನು ಮನೀಷಾಳ ಮುಂದಿಟ್ಟ. ಅವಳು ಅದನ್ನು ಮುಟ್ಟದೆ, ಹೊರಗೆ ಬಿದ್ದಿದ್ದ ಬೀಜದ ಕಡೆ ನೋಡಿದಳು.

"ಮೊದಲು ಅದನ್ನ ಆರಿಸ್ರಿ," ಎಂದರು ವಜೀರಬಿ.

ಬಿಳಿ ಪ್ಯಾಂಟಿನ ಬಸವಕುಮಾರ ಮಣ್ಣಿನಲ್ಲಿ ಮಂಡಿಯೂರಿದರು. ಸುಮನಬಾಯಿ ಚೀಲದ ಬಾಯಿ ಅಗಲಿಸಿ ನಿಂತು, ಕಲ್ಲಿನ ಹರಳು ಸೇರಿದಾಗಲೆಲ್ಲ ತೆಗೆಸಿದಳು. ಕೊನೆಗೆ ಅವರು, "ತಪ್ಪಾತವ್ವ," ಎಂದರು. ಪಕ್ಕದಲ್ಲಿದ್ದ ಬಂಡೆಪ್ಪನಿಗೂ ಅದು ಸರಿಯಾಗಿ ಕೇಳಲಿಲ್ಲ.

ಸುಮನಬಾಯಿ ಚೀಲ ಕಟ್ಟುತ್ತಾ ತಲೆ ಎತ್ತಿದಳು.

"ಕಳ್ಳಿ ಅಂದಾಗ ಮೈಕಿನಾಗ ಅಂದಿದ್ರಿ. ನಮ್ಮೂರ ತನ ಕೇಳ್ಯಾದ. ಇದನ್ನೂ ಅಲ್ಲೇ ಅನ್ರಿ."

ಬಂಡೆಪ್ಪ ಯಾರ ಅಪ್ಪಣೆಗೂ ಕಾಯಲಿಲ್ಲ. ನೇರ ಹೋಗಿ ಮೈಕಿನ ಸ್ವಿಚ್ಚು ಹಾಕಿ, ದನಿಯನ್ನು ಪೂರ್ತಿ ಏರಿಸಿದ.